ಕಿರುಗುಟ್ಟುತ್ತಿದ್ದ ರೀಲನ್ನು ನಾನೇ ಬಿಚ್ಚಿ ಸರಿಮಾಡಿದ್ದು

ಡಿಸೆಂಬರ್ ಚಳಿಯ ಒಂದು ಭಾನುವಾರ. ಪಾಂಡವಪುರದ ಕಡೆ ನಮ್ಮೂರ ಕೆರೆಯಲ್ಲಿ ಗಾಳ ಹಾಕಿದ್ದೆ. ಕೆರೆ ಗುತ್ತಿಗೆ ಹಿಡಿದವರನ್ನು ಕೇಳಿಕೊಂಡೇ ಹೋಗುತ್ತೇನೆ. ಬಿಸಿಲು ಬರುವ ಮುಂಚೆಯೇ ಒಂದು ಕಾಟ್ಲಾ ಸಿಕ್ಕಿತು. ಖುಷಿಯಿಂದ ಹ್ಯಾಂಡಲ್ ತಿರುಗಿಸಿದರೆ ಗಾಳದ ದಾರ (ಲೈನ್) ಸುತ್ತುವ ರೀಲ್‌ನಿಂದ ಕಿರ್ರ್ ಅಂತ ಸದ್ದು. ಎಣ್ಣೆ ಕಾಣದ ಗಾಣ ತಿರುಗಿದ ಹಾಗೆ. ಮೀನು ದಡಕ್ಕೆ ಬಂತು. ಆದರೆ ಮನಸ್ಸೆಲ್ಲ ಆ ಸದ್ದಿನ ಮೇಲೇ ಇತ್ತು.

ಮಂಡ್ಯದಲ್ಲಿ ಒಬ್ಬರಿಗೆ ತೋರಿಸಿದೆ. ನಾಲ್ಕು ಸುತ್ತು ತಿರುಗಿಸಿ, "ಗೇರ್ ಹೋಗೈತೆ ಕಣಣ್ಣ, ಹೊಸದು ತಗೊಂಡ್ಬಿಡಿ" ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಮೂರು ವರ್ಷ ಜೊತೆಗಿದ್ದ ರೀಲು ಅದು. ಬಿಚ್ಚದೇ, ನೋಡದೇ ಗೇರ್ ಹೋಗಿದೆ ಅಂತ ಹೇಗೆ ಹೇಳುವುದು?

ಮನೆಗೆ ಬಂದವನು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿದೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ಲೈನ್ ಇಲ್ಲದೆ ಸುಮ್ನೆ ಹ್ಯಾಂಡಲ್ ತಿರುಗಿಸಿದೆ. ಕಿರುಗುಟ್ಟಲಿಲ್ಲ. ಕಿವಿ ಹತ್ತಿರ ಹಿಡಿದರೆ ಮಾತ್ರ ಒಳಗಿಂದ ಸಣ್ಣಗೆ ಗೊರ ಗೊರ ಅಂತಿತ್ತು. ಆಮೇಲೆ ಲೈನನ್ನು, ಅದನ್ನು ರೀಲಿಗೆ ಸುತ್ತಿಸುವ ತಂತಿ ಕೊಂಡಿಯಾದ ಬೇಲ್‌ಗೆ ಹಾಕಿ ತುದಿಯನ್ನು ಮಗಳ ಕೈಗೆ ಕೊಟ್ಟೆ. ಬಟ್ಟೆ ಸುತ್ತಿಕೊಂಡು ಬಿಗಿಯಾಗಿ ಹಿಡಿ ಅಂದೆ. ಎರಡು ಸುತ್ತು ತಿರುಗಿಸಿದ್ದೇ ತಡ, "ಅಪ್ಪಾ, ಈಗ ಕೂಗ್ತಾ ಐತೆ" ಅಂದಳು. ರಾಡ್‌ನ ರಿಂಗ್‌ಗಳಲ್ಲಿ ಲೈನ್ ಪೋಣಿಸಿರಲಿಲ್ಲ, ಹಾಗಾಗಿ ಸದ್ದು ರಿಂಗ್‌ನದಲ್ಲ. ಭಾರ ಬಿದ್ದಾಗ ಮಾತ್ರ ಕೂಗುತ್ತದೆ ಅಂದರೆ ಮೊದಲ ಅನುಮಾನ ಲೈನ್ ರೋಲರ್ ಮೇಲೆ. ಬೇಲ್‌ನ ಒಂದು ತುದಿಯಲ್ಲಿ ಲೈನ್ ಹಾದು ತಿರುಗುವ ಸಣ್ಣ ಗಾಲಿ ಅದು. ಮೀನಿನ ಭಾರವೆಲ್ಲ ಅದರ ಮೇಲೆ ಹಾದು ಬರುತ್ತದೆ. ನೀರು, ಕೆಸರು, ಮರಳು ಎಲ್ಲವೂ ಲೈನ್ ಜೊತೆ ಮೊದಲು ಸೇರುವುದೂ ಅಲ್ಲಿಗೇ.

ಖಾತ್ರಿ ಮಾಡಿಕೊಳ್ಳಲು ರೋಲರ್ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟೆ. ಮಗಳು ಮತ್ತೆ ಲೈನ್ ಹಿಡಿದಳು. ನಾನು ನಿಧಾನಕ್ಕೆ ಸುತ್ತಿದೆ. ಚುಕ್ಕೆ ಇದ್ದಲ್ಲೇ ನಿಂತಿತ್ತು! ರೋಲರ್ ತಿರುಗುತ್ತಲೇ ಇಲ್ಲ, ಲೈನ್ ಅದರ ಮೇಲೆ ಉಜ್ಜಿಕೊಂಡು ಹೋಗುತ್ತಿದೆ. ಇದನ್ನು ಹಾಗೇ ಬಿಟ್ಟರೆ ರೋಲರ್ ಮೇಲೆ ಗೀರು ಬೀಳುತ್ತದೆ. ಲೈನ್ ಸವೆಯುತ್ತದೆ, ಹುರಿಗಟ್ಟುತ್ತದೆ. ದೊಡ್ಡ ಮೀನು ಸಿಕ್ಕಾಗ ಅದೇ ಜಾಗದಲ್ಲಿ ಕಿತ್ತು ಹೋಗುತ್ತದೆ.

ರೋಲರ್‌ಗೆ ಇರುವುದು ಒಂದೇ ಸ್ಕ್ರೂ. ಆದರೆ ಒಳಗೆ ಬುಷ್, ವಾಷರ್, ಬೇರಿಂಗ್ ಒಂದರ ಹಿಂದೆ ಒಂದು ಕೂತಿರುತ್ತವೆ. ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ, ಬಂದ ಸಾಲಿನಲ್ಲೇ ಜೋಡಿಸಿ, ಪ್ರತಿ ಹಂತಕ್ಕೂ ಫೋಟೋ ತೆಗೆದುಕೊಂಡೆ. ಒಳಗೆ ಕಂದು ಬಣ್ಣದ ಅಂಟು. ಮಳೆಗಾಲದಲ್ಲಿ ನಾನೇ ಹಾಕಿದ್ದ ಕೊಬ್ಬರಿ ಎಣ್ಣೆ! ನಮ್ಮ ಕಡೆ ಗೇಟಿನ ಕೀಲಿಗೂ ಅದೇ, ಸೈಕಲ್ ಚೈನಿಗೂ ಅದೇ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದನ್ನು ದಿನಾ ನೋಡುತ್ತೇವೆ ಅಲ್ವಾ, ಬೇರಿಂಗ್ ಒಳಗೂ ಆಗುವುದು ಅದೇ. ಜೊತೆಗೆ ಧೂಳು ಹಿಡಿದು ಅಂಟಾಗುತ್ತದೆ. ದಯವಿಟ್ಟು ರೀಲ್‌ಗೆ ಕೊಬ್ಬರಿ ಎಣ್ಣೆ ಹಾಕಬೇಡಿ. ಹೊಲಿಗೆ ಮಿಷನ್ ಎಣ್ಣೆ ಸಾಕು, ಬೇರಿಂಗ್‌ಗೆ ಒಂದೇ ತೊಟ್ಟು.

ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಲ್ಲಿ ಬೇರಿಂಗನ್ನು ಅರ್ಧ ಗಂಟೆ ನೆನೆಸಿ, ಬ್ರಷ್‌ನಿಂದ ಉಜ್ಜಿ ಒಣಗಿಸಿದೆ. ಕಡ್ಡಿಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿದರೆ ಇನ್ನೂ ತಡೆ ತಡೆದು ತಿರುಗುತ್ತಿತ್ತು. ತುಕ್ಕು ಒಳಗಿನ ಗುಂಡುಗಳಿಗೇ ಹಿಡಿದಿತ್ತು. ಅಂಥ ಬೇರಿಂಗಿಗೆ ಎಣ್ಣೆ ಹಾಕಿದರೆ ಎರಡು ದಿನ ಸುಮ್ಮನಿರುತ್ತದೆ, ಅಷ್ಟೇ. ಬದಲಾಯಿಸುವುದೇ ಸರಿ. ಕ್ಯಾಲಿಪರ್‌ನಲ್ಲಿ ಅಳೆದೆ. ಒಳಗಿನ ಅಳತೆ 4 ಮಿ.ಮೀ., ಹೊರಗಿನದು 7, ದಪ್ಪ 2.5. ಎಂಆರ್74ಝಡ್‌ಝಡ್ ಅಂತ ಕೇಳಿದರೆ ಇದೇ ಅಳತೆ ಬರುತ್ತದೆ. ಬೈಕಿನ ಬೇರಿಂಗ್ ಅಂಗಡಿಯಲ್ಲಿ ಇಷ್ಟು ಸಣ್ಣದು ಸಿಗಲಿಲ್ಲ, ಆನ್‌ಲೈನ್‌ನಲ್ಲಿ ಸ್ಟೇನ್‌ಲೆಸ್ ಸ್ಟೀಲಿನದು ತರಿಸಿದೆ. ನಿಮ್ಮ ರೀಲಿನದನ್ನು ಅಳೆದೇ ತರಿಸಿ. ದಪ್ಪದಲ್ಲಿ ಅರ್ಧ ಮಿ.ಮೀ. ವ್ಯತ್ಯಾಸವಾದರೂ ರೋಲರ್ ಸಡಿಲವಾಗುತ್ತದೆ, ಇಲ್ಲ ಹಿಡಿದುಕೊಳ್ಳುತ್ತದೆ.

ಹೊಸ ಬೇರಿಂಗ್ ಹಾಕಿದ ಮೇಲೆ ಚುಕ್ಕೆ ಸಲೀಸಾಗಿ ಸುತ್ತಿತು. ಕಿರುಗುಟ್ಟುವುದು ನಿಂತಿತು.

ಉಳಿದದ್ದು ಒಳಗಿನ ಗೊರ ಗೊರ. ಹ್ಯಾಂಡಲ್ ತೆಗೆದು ಪಕ್ಕದ ಮುಚ್ಚಳ ಬಿಚ್ಚಿದೆ. ಗ್ರೀಸ್ ಕಪ್ಪಾಗಿ, ಗಟ್ಟಿಯಾಗಿ ಗೇರಿನ ಹಲ್ಲಿನಿಂದ ದೂರ ಸರಿದು ಗೋಡೆಗೆ ಅಂಟಿತ್ತು. ಹಲ್ಲುಗಳು ಒಣಗಿದ್ದವು. ಗ್ರೀಸನ್ನು ಬಿಳಿ ಬಟ್ಟೆಗೆ ಒರೆಸಿ ಬಿಸಿಲಿಗೆ ಹಿಡಿದು ನೋಡಿದೆ. ನನ್ನ ರೀಲಿನ ಪಿನಿಯನ್, ಅಂದರೆ ದೊಡ್ಡ ಗೇರಿಗೆ ಕಚ್ಚಿಕೊಳ್ಳುವ ಸಣ್ಣ ಗೇರ್, ಹಿತ್ತಾಳೆಯದು. ಅದು ಸವೆದಿದ್ದರೆ ಗ್ರೀಸ್‌ನಲ್ಲಿ ಚಿನ್ನದ ಬಣ್ಣದ ಪುಡಿ ಮಿಂಚಬೇಕು. ಒಂದು ಕಣವೂ ಇರಲಿಲ್ಲ. ಗೇರ್ ಹೋಗಿಲ್ಲ ಅಂತ ಅಲ್ಲಿ ಗೊತ್ತಾಯಿತು. ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ದೊಡ್ಡ ಗೇರಿನ ಪಕ್ಕದಲ್ಲಿ ಕಾಗದದಷ್ಟು ತೆಳುವಾದ ವಾಷರ್ ಒಂದಿತ್ತು. ಗ್ರೀಸ್‌ಗೆ ಅಂಟಿಕೊಂಡು ಕಣ್ಣಿಗೇ ಕಾಣುವುದಿಲ್ಲ. ಅದು ಕಳೆದರೂ, ಆಚೆ ಬದಿಗೆ ಹೋದರೂ ಹಲ್ಲುಗಳು ಕೂರುವ ರೀತಿ ಬದಲಾಗಿ ಸದ್ದು ಜಾಸ್ತಿಯಾಗುತ್ತದೆ. ಹುಷಾರಾಗಿ ಎತ್ತಿಟ್ಟೆ. ಎಲ್ಲವನ್ನೂ ಒರೆಸಿ ಗೇರಿನ ಹಲ್ಲುಗಳಿಗೆ ತೆಳುವಾಗಿ ಲಿಥಿಯಂ ಗ್ರೀಸ್ ಸವರಿದೆ. ತುಂಬಿದರೆ ಹ್ಯಾಂಡಲ್ ಭಾರವಾಗುತ್ತದೆ.

ರೋಟರ್ (ಬೇಲ್ ಹೊತ್ತು ಸುತ್ತುವ ಭಾಗ) ಕೆಳಗಿನ ಒನ್‌ವೇ ಬೇರಿಂಗ್‌ಗೆ ಮಾತ್ರ ಗ್ರೀಸ್ ಸೋಕಬಾರದು. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವುದು ಅದೇ. ಅದರ ಉರುಳೆಗಳು ಶಾಫ್ಟನ್ನು ಕಚ್ಚಿ ಹಿಡಿಯಬೇಕು. ಗ್ರೀಸ್ ತಾಗಿದರೆ ಜಾರುತ್ತವೆ, ಮೀನು ಎಳೆದಾಗ ಹ್ಯಾಂಡಲ್ ಗಿರ್ರನೆ ಹಿಂದಕ್ಕೆ ತಿರುಗಿ ಬೆರಳಿಗೆ ಬಡಿಯುತ್ತದೆ. ನಾನು ಅದನ್ನು ಬಿಚ್ಚಲೇ ಇಲ್ಲ.

ಮುಂದಿನ ಭಾನುವಾರ ಅದೇ ಕೆರೆ, ಅದೇ ಏರಿ. ಜಿಲೇಬಿ ಮೀನುಗಳು ಸಿಕ್ಕವು. ರೀಲಿನ ಸದ್ದೇ ಇಲ್ಲ. ಹತ್ತು ಗಂಟೆ ಹೊತ್ತಿಗೆ ದೊಡ್ಡದೊಂದು ಕಚ್ಚಿ ಲೈನ್ ಎಳೆದುಕೊಂಡು ಹೊರಟಿತು. ಲೈನ್ ಸುತ್ತಿಟ್ಟ ಸ್ಪೂಲ್ ಟಿಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತಾ ಲೈನ್ ಬಿಟ್ಟುಕೊಟ್ಟಿತು. "ಮತ್ತೆ ಶುರುವಾಯ್ತಾ?" ಅಂದರು ಪಕ್ಕದಲ್ಲಿದ್ದ ನಮ್ಮ ಭಾವ. ಇಲ್ಲ ಭಾವ, ಅದು ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ಲೈನ್ ಕಿತ್ತುಹೋಗದಂತೆ ಬಿಟ್ಟುಕೊಡುವ ಬ್ರೇಕಿನ ಸದ್ದು, ಇರಲೇಬೇಕು ಅಂದೆ. ಬಲೆ ಹಿಡಿದುಕೊಂಡು ಅವರು ನೀರಿಗೆ ಇಳಿದರು.