ಗೇಮ್ ತಡವರಿಸುತ್ತಿದೆಯೇ? ದುಡ್ಡು ಬಿಚ್ಚುವ ಮುನ್ನ ಇಷ್ಟು ನೋಡಿ

ಆಟದ ನಡುವೆ ಪರದೆ ತಡೆತಡೆದು ಓಡತೊಡಗಿದರೆ ಗೆಳೆಯರಿಂದ ಬರುವ ಸಲಹೆ ಎರಡೇ: ‘ಎಸ್‌ಎಸ್‌ಡಿ ಹಾಕ್ಸು’, ‘ರ‍್ಯಾಮ್ ಜಾಸ್ತಿ ಮಾಡ್ಸು’. ಸಲಹೆಯೇನೋ ಒಳ್ಳೆಯದೇ. ಆದರೆ ಎರಡೂ ಮಾಡುವ ಕೆಲಸ ಬೇರೆ. ರ‍್ಯಾಮ್ ಎಂದರೆ ಓಡುತ್ತಿರುವ ಗೇಮ್ ಆ ಹೊತ್ತಿಗೆ ಬಳಸುವ ಮಾಹಿತಿ ಇಡುವ ಮೆಮೊರಿ. ಎಸ್‌ಎಸ್‌ಡಿ ಎಂದರೆ ಗೇಮ್, ಫೈಲ್‌ಗಳನ್ನು ಕಾಯಂ ಇಡುವ, ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್. ಅದೂ ಅಲ್ಲದೆ, ಚಿಪ್ ತಯಾರಕರು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದ್ದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಗಗನಕ್ಕೇರಿತು. ಸುಮ್ನೆ ಕೊಂಡು ನೋಡೋಣ ಎನ್ನುವ ಕಾಲ ಇದಲ್ಲ.

ಹಂತ 1: ತೊಂದರೆ ಎಲ್ಲಿದೆ?

ಹೆಚ್ಚು ಕಾಟ ಕೊಡುವ ಗೇಮ್ ಅನ್ನೇ ಸ್ವಲ್ಪ ಹೊತ್ತು ಆಡಿ. ತಡವರಿಸಿದ ಕೂಡಲೇ ಗೇಮ್ ಮುಚ್ಚದೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್, ಜಿಪಿಯು (ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್) ನೋಡಿ. ಅಲ್ಲಿನ ಗ್ರಾಫ್ ಹಿಂದಿನ 60 ಸೆಕೆಂಡಿನದು. ಹಾಗಾಗಿ ಗೇಮ್‌ನಿಂದ ಹೊರಬಂದ ಮೇಲೂ ಆಗಿನ ಪರಿಸ್ಥಿತಿ ಗೊತ್ತಾಗುತ್ತದೆ.

ಜಿಪಿಯು ಶೇ 95ರ ಮೇಲಿದ್ದು ಮೆಮೊರಿ ಶೇ 60ರಲ್ಲಿ ಆರಾಮಾಗಿದ್ದರೆ, ಸುಸ್ತಾಗಿರುವುದು ಗ್ರಾಫಿಕ್ಸ್ ಕಾರ್ಡ್. ಆಗ ರ‍್ಯಾಮ್ ಹಾಕಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮೊದಲು ಗೇಮ್ ಸೆಟ್ಟಿಂಗ್ಸ್‌ನಲ್ಲಿ ಶ್ಯಾಡೋ, ರೆಸಲ್ಯೂಷನ್ ಇಳಿಸಿ ನೋಡಿ. ಖರ್ಚಿಲ್ಲದ ಕೆಲಸ ಅಲ್ವಾ?

ಮೆಮೊರಿ ಶೇ 90 ದಾಟಿ, ಅದೇ ಹೊತ್ತಿಗೆ ಡಿಸ್ಕ್ ಕೂಡ ಒದ್ದಾಡುತ್ತಿದ್ದರೆ ಕೊರತೆ ಇರುವುದು ರ‍್ಯಾಮ್‌ನದು. ಜಾಗ ಸಾಲದೆ ವಿಂಡೋಸ್ ಒಂದಷ್ಟು ಮಾಹಿತಿಯನ್ನು ಡಿಸ್ಕ್‌ಗೆ ಸಾಗಿಸುತ್ತಿದೆ ಎಂದರ್ಥ. ಹಳೆಯ ಹಾರ್ಡ್ ಡಿಸ್ಕ್ ಇದ್ದರಂತೂ ಕೇಳುವುದೇ ಬೇಡ.

ಹಂತ 2: ರ‍್ಯಾಮ್ ಎಷ್ಟಿದೆ, ಹೇಗಿದೆ?

ಮೆಮೊರಿ ಪುಟದ ಕೆಳಗೆ ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲಿದೆ. ಎರಡರಲ್ಲಿ ಒಂದು ಎಂದಿದ್ದರೆ ಅದೃಷ್ಟ, ಇನ್ನೊಂದು ಸ್ಟಿಕ್‌ಗೆ, ಅಂದರೆ ರ‍್ಯಾಮ್ ಪಟ್ಟಿಗೆ, ಜಾಗವಿದೆ. ಅಂಥದ್ದೇ ಎರಡನೇ ಸ್ಟಿಕ್ ಹಾಕಿದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಇದೇ ಡ್ಯುಯಲ್ ಚಾನೆಲ್.

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಿಗೆ ಇದರ ಲಾಭ ಜಾಸ್ತಿ. ಅವುಗಳ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮ್ ಅನ್ನೇ ಹಂಚಿಕೊಳ್ಳಬೇಕು. ಇಲ್ಲಿ ಎರಡನೇ ಸ್ಟಿಕ್ ಹಾಕಿದರೆ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಕಣ್ಣಿಗೆ ಕಾಣುವಷ್ಟು ಏರುತ್ತದೆ. ನನ್ನನ್ನು ಕೇಳಿದರೆ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಅಪ್‌ಗ್ರೇಡ್ ಇಲ್ಲ.

8 ಜಿಬಿ ಇದ್ದವರು 16ಕ್ಕೆ ಹೋಗುವುದು ಸರಿ. ‘ಸ್ಟಾರ್‌ಫೀಲ್ಡ್‌’ನಂಥ ಗೇಮ್ ಕನಿಷ್ಠ 16 ಜಿಬಿಯನ್ನೇ ಕೇಳುತ್ತದೆ. 16ರಿಂದ 32ಕ್ಕೆ ಹೋದರೆ ಬಹಳಷ್ಟು ಗೇಮ್‌ಗಳಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ.

ರ‍್ಯಾಮ್‌ನಲ್ಲೂ ತಲೆಮಾರುಗಳಿವೆ. ಡಿಡಿಆರ್4 ಜಾಗದಲ್ಲಿ ಡಿಡಿಆರ್5 ಕೂರುವುದಿಲ್ಲ, ಎರಡರ ಕಚ್ಚು ಬೇರೆ ಕಡೆ ಇದೆ. ಲ್ಯಾಪ್‌ಟಾಪ್ ಸ್ಟಿಕ್ ಚಿಕ್ಕದು. ತೆಳ್ಳನೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಬದಲಿಸಲು ಬರುವುದಿಲ್ಲ. ಕಂಪ್ಯೂಟರ್ ಬಿಡಿಭಾಗ ಮಾರುವ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವುದಾದರೆ ಹಳೆಯ ಸ್ಟಿಕ್‌ನ ಲೇಬಲ್ ಫೋಟೊ ಮೊಬೈಲ್‌ನಲ್ಲಿರಲಿ. ಅಂಗಡಿಯಲ್ಲಿ ಅರ್ಧ ಮಾತು ಉಳಿತಾಯ.

ಹಂತ 3: ಕೂರಿಸುವುದು

ಕರೆಂಟ್ ವೈರ್ ಕಿತ್ತು, ಕ್ಯಾಬಿನೆಟ್‌ನ ಲೋಹದ ಭಾಗ ಒಮ್ಮೆ ಮುಟ್ಟಿ. ಮೈಮೇಲಿನ ಸ್ಥಾಯಿ ವಿದ್ಯುತ್ ಹೋಗಲಿ. ಕಚ್ಚು ಸರಿಹೊಂದಿಸಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ಸಮನಾಗಿ ಒತ್ತಿ. ಟಕ್ ಎಂದು ಕ್ಲಿಪ್ ಮುಚ್ಚಬೇಕು. ಹೊಸಬರು ಹೆದರಿ ಅರ್ಧಕ್ಕೇ ಬಿಡುತ್ತಾರೆ, ಆಮೇಲೆ ಪರದೆ ಕಪ್ಪಗಿದೆ ಎಂದು ಗಾಬರಿಯಾಗುತ್ತಾರೆ. ಡೆಸ್ಕ್‌ಟಾಪ್ ಆದರೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್‌ಗೆ) ಹೋಗಿ, ರ‍್ಯಾಮ್ ಅನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ 3200 ವೇಗದ ಡಿಡಿಆರ್4 ಸ್ಟಿಕ್ 2133 ಅಥವಾ 2400ರಲ್ಲೇ ಓಡುತ್ತಿರಬಹುದು.

ಹಂತ 4: ಎಸ್‌ಎಸ್‌ಡಿ ಏನು ಕೊಡುತ್ತದೆ?

ಕಾಯುವ ಸಮಯ ಕಡಿಮೆ ಮಾಡುತ್ತದೆ. ಎಫ್‌ಪಿಎಸ್ ಏರಿಸುವುದಿಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 200 ಎಂಬಿ ಓದಿದರೆ, ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸುಮಾರು 550, ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿ 3,500 ಎಂಬಿ ಅಥವಾ ಅದಕ್ಕೂ ಹೆಚ್ಚು ಓದುತ್ತದೆ. ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ಆಗುವ ಖುಷಿ ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಗುವುದಿಲ್ಲ. ಗೇಮ್ ತೆರೆಯುವಾಗ ಉಳಿಯುವುದು ಹೆಚ್ಚೆಂದರೆ ಕೆಲವು ಸೆಕೆಂಡ್.

ಒಂದು ವಿನಾಯಿತಿ ಉಂಟು. ದೊಡ್ಡ ನಗರದಲ್ಲಿ ಕಾರು ಓಡಿಸುವಂಥ ಓಪನ್ ವರ್ಲ್ಡ್ ಗೇಮ್‌ಗಳು ಮುಂದಿನ ಬೀದಿಯನ್ನು ಆಟದ ನಡುವೆಯೇ ಡಿಸ್ಕ್‌ನಿಂದ ತರುತ್ತವೆ. ಹಾರ್ಡ್ ಡಿಸ್ಕ್ ಹಿಂದೆ ಬಿದ್ದರೆ ಕಟ್ಟಡಗಳು ತಡವಾಗಿ ಮೂಡುತ್ತವೆ, ಆಟ ಮುಗ್ಗರಿಸುತ್ತದೆ. ‘ಸೈಬರ್‌ಪಂಕ್ 2077’ 2023ರಲ್ಲಿ ಹಾರ್ಡ್ ಡಿಸ್ಕ್ ಬೆಂಬಲವನ್ನೇ ಕೈಬಿಟ್ಟಿತು.

ಕೊಳ್ಳುವ ಮುನ್ನ ನಿಮ್ಮ ಎಂ.2 ಸ್ಲಾಟ್ (ಮದರ್‌ಬೋರ್ಡ್‌ನಲ್ಲಿ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಜಾಗ) ಎನ್‌ವಿಎಂಇ ಒಪ್ಪುತ್ತದೆಯೇ ಎಂದು ಮ್ಯಾನುಯಲ್‌ನಲ್ಲಿ ನೋಡಿ. ಕೆಲವು ಹಳೆಯವು ಸಾಟಾ ಮಾತ್ರ ಒಪ್ಪುತ್ತವೆ.

ಹಾಕಿದ ಮೇಲೆ ಗೇಮ್ ಮತ್ತೆ ಡೌನ್‌ಲೋಡ್ ಮಾಡಬೇಕಿಲ್ಲ. ಗೇಮ್ ಕೊಂಡ ಸ್ಟೀಮ್ ಆ್ಯಪ್‌ನಲ್ಲಿ ಗೇಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಇನ್‌ಸ್ಟಾಲ್ಡ್ ಫೈಲ್ಸ್‌ನಿಂದ ಹೊಸ ಡ್ರೈವ್‌ಗೆ ಸಾಗಿಸಿ. ವಿಂಡೋಸ್ ಕೂಡ ಎಸ್‌ಎಸ್‌ಡಿಯಲ್ಲೇ ಇರಲಿ. ಹಳೆಯ ಹಾರ್ಡ್ ಡಿಸ್ಕ್ ಎಸೆಯಬೇಡಿ. ಆಡಿ ಮುಗಿಸಿದ ಗೇಮ್‌ಗಳು, ಸಿನಿಮಾ, ಫೋಟೊ ಇಡಲು ಅದು ಸಾಕು.