ಸುಟ್ಟ ಗುಡ್ಡದ ಕೆಳಗಿನ ಹಳ್ಳ

ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಲ್ಲುಗಾವಲಿಗೆ ಬೆಂಕಿ ಬಿದ್ದ ವರ್ಷ ನೀರಿಗೂ ಅದರ ಜೀವಿಗಳಿಗೂ ಏನಾಯಿತೆಂದು ನೋಡಲು ನಾನು ಅದರ ಕೆಳಗಿನ ಹಳ್ಳಕ್ಕೆ ಇಳಿಯುತ್ತೇನೆ. ವೇದಾ, ಅವತಿ ನದಿಗಳು ಹುಟ್ಟುವುದು ಈ ಬೆಟ್ಟಗಳಲ್ಲಿ. ಸಲಕರಣೆ ಇಷ್ಟೇ: ಕೈಬಲೆ, ಬಿಳಿ ಟ್ರೇ, ಭೂತಗನ್ನಡಿ, ನೀರಿನ ಆಮ್ಲ-ಕ್ಷಾರ ಗುಣ ಅಳೆಯುವ ಪಿಎಚ್ ಮೀಟರ್, ಥರ್ಮಾಮೀಟರ್. ಬಲೆಯನ್ನು ಹರಿವಿಗೆ ಅಡ್ಡ ಹಿಡಿದು ಮೇಲ್ಬದಿಯ ಕಲ್ಲುಗಳನ್ನು ಉಜ್ಜುತ್ತೇನೆ. ಸಿಕ್ಕ ಹುಳುಗಳನ್ನು ಟ್ರೇನಲ್ಲಿ ಗುರುತಿಸಿ ಮತ್ತೆ ನೀರಿಗೆ ಬಿಡುತ್ತೇನೆ. ಬೆಂಕಿ ತಾಗದ ಕಣಿವೆಯ ಹಳ್ಳದಲ್ಲೂ ಅದೇ ವಾರ ಇದೇ ಕೆಲಸ. ಈ ಜೋಡಿ ಇಲ್ಲದಿದ್ದರೆ ಬದಲಾವಣೆ ಬೆಂಕಿಯದೋ ಬೇಸಿಗೆಯದೋ ತಿಳಿಯದು.

ಬೆಂಕಿ ಆರಿದ ಮರುದಿನದ ನೀರಿನಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಮೊದಲ ಜೋರು ಮಳೆಗೆ ಕಾಯಬೇಕು, ಅಶ್ವಿನಿಯೋ ಭರಣಿಯೋ. ಹುಲ್ಲಿನ ಹಿಡಿತ ತಪ್ಪಿದ ಇಳಿಜಾರಿನಿಂದ ಬೂದಿ, ಇದ್ದಿಲು, ನುಣ್ಣನೆಯ ಮಣ್ಣು ಒಮ್ಮೆಲೇ ಇಳಿಯುತ್ತವೆ. ಬೂದಿಯಿಂದ ನೀರಿನ ಪಿಎಚ್ ಏರುತ್ತದೆ, ಅಂದರೆ ನೀರು ಕ್ಷಾರದ ಕಡೆಗೆ ವಾಲುತ್ತದೆ. ಸಾರಜನಕ, ರಂಜಕಗಳೂ ಸೇರುತ್ತವೆ. ಹೀಗೆ ಏರಿದ ಪಿಎಚ್ ಬೇಗ ಇಳಿಯುತ್ತದೆ. ಕಲ್ಲುಗಳ ಸಂದಿಗೆ ತುಂಬಿದ ಮಣ್ಣು ಮಾತ್ರ ಸುಲಭಕ್ಕೆ ಹೋಗದು. ಮೇಫ್ಲೈ, ಸ್ಟೋನ್‌ಫ್ಲೈ ಎಂಬ ಕೀಟಗಳ ನೀರಿನಲ್ಲಿ ಬೆಳೆಯುವ ಮರಿಗಳ ಮನೆ ಆ ಸಂದಿಗಳೇ. ಅವು ಮರೆಯಾಗಿ, ಕೆಸರನ್ನು ತಾಳುವ ರಕ್ತಹುಳುಗಳೇ ಟ್ರೇ ತುಂಬಿದಾಗ ಸಂಕಟವಾಗುತ್ತದೆ. ಹಳ್ಳದ ಮೀನು, ಏಡಿಗಳ ಊಟಕ್ಕೇ ಪೆಟ್ಟು ಬಿದ್ದಿದೆ ಎಂದರ್ಥ.

ಎಲ್ಲ ಬೆಂಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇನ್ನೂ ಇಬ್ಬನಿ ಬೀಳುವ ದಿನಗಳಲ್ಲಿ ಬೆಂಕಿ ರೇಖೆಗಾಗಿ, ಅಂದರೆ ಕಾಡ್ಗಿಚ್ಚು ಹರಡದಂತೆ ಮೊದಲೇ ತೆರವು ಮಾಡುವ ಪಟ್ಟಿಗಾಗಿ, ಸುಡುವ ಹುಲ್ಲು ಬೇಗ ಉರಿದು ಆರುತ್ತದೆ. ಬೇರು ಉಳಿದು, ಮಳೆಗೆ ಮೊದಲೇ ಚಿಗುರುತ್ತದೆ. ಮಾರ್ಚ್‌ನ ಬಿಸಿಗಾಳಿಯ ಕಿಚ್ಚು ಹುಲ್ಲುಗಾವಲಿನ ನಡುವಿನ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಅಂಚನ್ನೇ ತಿನ್ನುತ್ತದೆ. ಹಳ್ಳಕ್ಕೆ ನೆರಳು ಕೊಡುವುದು ಆ ಶೋಲಾ. ಅದು ಹೋದರೆ ನೀರು ಕಾಯುತ್ತದೆ, ಕರಗಿದ ಆಮ್ಲಜನಕ ಇಳಿಯುತ್ತದೆ, ಕಲ್ಲಿನ ಮೇಲೆ ಪಾಚಿ ದಟ್ಟವಾಗುತ್ತದೆ. ಮರ ಬೆಳೆದು ನೆರಳು ಮರಳುವುದಕ್ಕೆ ಎಷ್ಟೋ ವರ್ಷ ಬೇಕು.

ಬೆಂಕಿ ರೇಖೆ ಸುಡುವವರ ಹತ್ತಿರ ನಾನು ಪ್ರತಿ ಸಲ ಕೇಳಿಕೊಳ್ಳುವುದು ಒಂದೇ: ಹಳ್ಳದ ಎರಡೂ ದಡದಲ್ಲಿ ಹುಲ್ಲು, ಪೊದೆಗಳ ಪಟ್ಟಿಯನ್ನು ಸುಡದೆ ಬಿಡಿ. ಪಟ್ಟಿ ಉಳಿದ ಕಡೆ ಬೂದಿಯ ಬಹುಭಾಗ ಅಲ್ಲಿಯೇ ನಿಲ್ಲುವುದನ್ನು ಕಂಡಿದ್ದೇನೆ. ಕಾವಲುಗಾರರಿಗೆ ಟ್ರೇ ತೋರಿಸಿದರೆ ಭಾಷಣವೇ ಬೇಕಾಗುವುದಿಲ್ಲ.

ಈ ಕೆಲಸ ಮಾಡಬಯಸುವವರು ಅರಣ್ಯ ಇಲಾಖೆಯ ಅನುಮತಿ ಪಡೆದು ಡಿಸೆಂಬರ್‌ನಲ್ಲೇ ಆರಂಭಿಸಿ. ಬೆಂಕಿಗೆ ಮುಂಚಿನ ಲೆಕ್ಕ ಕೈಯಲ್ಲಿದ್ದರೆ ಮಾತ್ರ ಆಮೇಲಿನ ಲೆಕ್ಕಕ್ಕೆ ಬೆಲೆ.