ಟೈಪ್ 1 ಮಧುಮೇಹ: ಶಾಲೆ-ಕಾಲೇಜಿನ ದಿನವನ್ನು ಹೊಂದಿಸಿಕೊಳ್ಳುವುದು ಹೇಗೆ?

ಟೈಪ್ 1 ಮಧುಮೇಹ ಇರುವ ಹದಿಹರೆಯದವರನ್ನು ನೋಡಿದರೆ ಕಾಯಿಲೆ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಶುಗರ್ ಇಳಿದು ಡೆಸ್ಕಿನ ಮೇಲೆ ತಲೆಯಿಟ್ಟರೆ ‘ರಾತ್ರಿಯೆಲ್ಲ ಮೊಬೈಲ್ ನೋಡಿದ್ಯಾ?’ ಎಂದು ಬೈಯುತ್ತಾರೆ. ಶುಗರ್ ಏರಿ ಮತ್ತೆ ಮತ್ತೆ ಟಾಯ್ಲೆಟ್‌ಗೆ ಹೋಗಲು ಕೇಳಿದರೆ ಪಾಠ ತಪ್ಪಿಸುವ ನೆವ ಅನ್ನುತ್ತಾರೆ. ಇಡೀ ಶಾಲೆಗೆ ಸಾರಿಕೊಂಡು ಬರಬೇಕಾಗಿಲ್ಲ. ಆದರೆ ಯಾರಿಗೆ ಹೇಳಬೇಕು, ಏನು ಹೇಳಬೇಕು, ಚೀಲದಲ್ಲಿ ಏನಿರಬೇಕು ಎನ್ನುವುದನ್ನು ಮೊದಲೇ ಗೊತ್ತುಮಾಡಿಕೊಂಡರೆ ದಿನ ಬಹಳಷ್ಟು ಹಗುರಾಗುತ್ತದೆ.

ಮೊದಲು ‘ಸಿಹಿ ತಿಂದು ತಿಂದು ಬಂತು’ ಎನ್ನುವ ನೆಂಟರ ಬಾಯಿಗೆ ಉತ್ತರ. ಈ ಕಾಯಿಲೆ ಸಿಹಿ ತಿಂದದ್ದಕ್ಕೆ ಬರುವುದಲ್ಲ. ದೇಹದ ರೋಗನಿರೋಧಕ ಶಕ್ತಿಯೇ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಕೋಶಗಳನ್ನು ನಾಶ ಮಾಡಿಬಿಡುತ್ತದೆ. ಹಾಗಾಗಿ ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲ ಬಾರಿಗೆ ಚಿಕಿತ್ಸೆಯಾಗಿ ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಕಷಾಯ, ಹಾಗಲಕಾಯಿ ರಸ, ಬೇರಿನ ಪುಡಿ ಯಾವುದೂ ಅದರ ಜಾಗ ತುಂಬುವುದಿಲ್ಲ. ‘ಇದು ಕುಡಿದರೆ ಇಂಜೆಕ್ಷನ್ ಬಿಡಬಹುದು’ ಎಂದವರ ಮಾತು ಕೇಳಿ ಇನ್ಸುಲಿನ್ ಬಿಟ್ಟರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಕುತ್ತು ಬರಬಹುದು.

ಚೀಲದಲ್ಲಿ ಏನಿರಬೇಕು?

ಒಂದು ಗಟ್ಟಿ ಪಾರದರ್ಶಕ ಡಬ್ಬಿ ತೆಗೆದುಕೊಳ್ಳಿ. ಅದರಲ್ಲಿ ಶುಗರ್ ಅಳೆಯುವ ಗ್ಲೂಕೋಮೀಟರ್, ಅದರ ಸ್ಟ್ರಿಪ್, ಬೆರಳು ಚುಚ್ಚುವ ಲ್ಯಾನ್ಸೆಟ್, ಇನ್ಸುಲಿನ್ ಪೆನ್, ಎರಡು ಹೆಚ್ಚುವರಿ ಸೂಜಿ ಇರಲಿ. 15 ಗ್ರಾಂ ಗ್ಲೂಕೋಸ್ ಪುಡಿಯ ಪೊಟ್ಟಣಗಳನ್ನು ಮನೆಯಲ್ಲೇ ಒಮ್ಮೆ ತೂಗಿ, ಕಟ್ಟಿ, ಮೂರು ಹಾಕಿಡಿ. ಒಂದು ಪ್ಯಾಕೆಟ್ ಬಿಸ್ಕತ್ತು, ಅಪ್ಪ-ಅಮ್ಮ ಮತ್ತು ವೈದ್ಯರ ನಂಬರು ಬರೆದ ಚೀಟಿಯೂ ಬೇಕು. ಡಬ್ಬಿ ಯಾವಾಗಲೂ ಚೀಲದ ಒಂದೇ ಖಾನೆಯಲ್ಲಿರಲಿ, ಆಗ ಬೇರೆಯವರಿಗೂ ಹುಡುಕುವ ಕಷ್ಟವಿರುವುದಿಲ್ಲ.

ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮುಚ್ಚಿ. ಮಲೆನಾಡು, ಕರಾವಳಿಯ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಟ್ಟು ತಪ್ಪು ಅಂಕಿ ತೋರಿಸುತ್ತದೆ. ಬಾಳೆಹಣ್ಣು ತಿಂದ ಕೈಯನ್ನು ತೊಳೆಯದೆ ಬೆರಳು ಚುಚ್ಚಿದರೆ ಶುಗರ್ ಇಲ್ಲದಿದ್ದರೂ ಏರಿದಂತೆ ಕಾಣುತ್ತದೆ. ಆ ಅಂಕಿ ನಂಬಿ ಹೆಚ್ಚು ಇನ್ಸುಲಿನ್ ತೆಗೆದುಕೊಂಡರೆ ಅಪಾಯ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನ ಬಾಗಿಲಲ್ಲೋ ಕೆಳಗಿನ ಅರೆಯಲ್ಲೋ ಇರಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಬಳಕೆಯಲ್ಲಿರುವ ಪೆನ್ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು 28 ದಿನ ಬರುತ್ತದೆ. ತೆರೆದ ತಾರೀಖನ್ನು ಅದರ ಮೇಲೇ ಬರೆದಿಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಅಥವಾ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಇಟ್ಟರೂ ಅದರ ಶಕ್ತಿ ಕುಂದಬಹುದು. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವಿನ ಸಂದಿಗೆ ಒದ್ದೆ ಮರಳು ತುಂಬಿ, ಬಾಯಿಗೆ ಒದ್ದೆ ಬಟ್ಟೆ ಹೊದಿಸಿ, ಗಾಳಿಯಾಡುವ ನೆರಳಿನಲ್ಲಿಡಿ. ಒಳಗಿನ ಇನ್ಸುಲಿನ್‌ಗೆ ಮಾತ್ರ ನೀರು ತಾಗಬಾರದು.

ವಯಲ್ (ಇನ್ಸುಲಿನ್ ಸೀಸೆ) ಮತ್ತು ಸಿರಿಂಜ್ ಬಳಸುವವರು ಒಂದು ವಿಷಯದಲ್ಲಿ ಕಣ್ಣುಮುಚ್ಚಿ ನಡೆಯಲೇಬಾರದು. ನಮ್ಮಲ್ಲಿ 1 ಮಿ.ಲೀ.ಗೆ 40 ಯೂನಿಟ್ ಇರುವ ವಯಲ್‌ಗಳೂ ಇವೆ, 100 ಯೂನಿಟ್ ಇರುವವೂ ಇವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ 10 ಯೂನಿಟ್ ಅಂದುಕೊಂಡದ್ದು 25 ಆಗಿಬಿಡುತ್ತದೆ. ಪೆನ್ನಿನ ಕಾರ್ಟ್ರಿಜ್‌ಗಳೂ 100ರವೇ ಸಾಮಾನ್ಯ. ಪೆನ್ ಕೈಕೊಟ್ಟಿತೆಂದು ಅದರಿಂದ ಸಿರಿಂಜಿಗೆ ಎಳೆಯುವ ಸಾಹಸ ಬೇಡ.

ಯಾರಿಗೆ, ಏನು ಹೇಳಬೇಕು?

ಕನಿಷ್ಠ ಮೂವರಿಗೆ: ಕ್ಲಾಸ್ ಟೀಚರ್, ಪಿ.ಟಿ. ಮಾಸ್ತರು, ಪಕ್ಕ ಕೂರುವ ಒಬ್ಬ ಗೆಳೆಯ ಅಥವಾ ಗೆಳತಿ. ಉಳಿದವರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ತಂದೆ-ತಾಯಿ ಮುಖ್ಯೋಪಾಧ್ಯಾಯರಿಗೆ ಒಂದೇ ಪುಟದ ಪತ್ರ ಕೊಟ್ಟು, ಜೊತೆಗೆ ವೈದ್ಯರ ಪ್ರಮಾಣಪತ್ರ ಲಗತ್ತಿಸಲಿ. ಕೇಳಬೇಕಾದದ್ದು ಇಷ್ಟೇ: ತರಗತಿಯಲ್ಲೇ ಶುಗರ್ ನೋಡಿಕೊಳ್ಳಲು, ಬೇಕಾದಾಗ ತಿನ್ನಲು, ನೀರು ಕುಡಿಯಲು, ಟಾಯ್ಲೆಟ್‌ಗೆ ಹೋಗಲು ಅನುಮತಿ, ಇನ್ಸುಲಿನ್ ತೆಗೆದುಕೊಳ್ಳಲು ಒಂದು ಶುಚಿಯಾದ ಜಾಗ. ಟಾಯ್ಲೆಟ್ ಆ ಜಾಗ ಆಗಬಾರದು. ಶುಗರ್ ಇಳಿದ ಮಗುವನ್ನು ಸ್ಟಾಫ್ ರೂಮಿಗೋ ಮನೆಗೋ ಒಬ್ಬರನ್ನೇ ಕಳಿಸಬಾರದು ಎನ್ನುವ ಸಾಲನ್ನು ದಪ್ಪಕ್ಷರದಲ್ಲೇ ಬರೆಯಿರಿ.

ಶುಗರ್ ಇಳಿದಾಗ

ಮೀಟರಿನಲ್ಲಿ 70ಕ್ಕಿಂತ (mg/dL) ಕಡಿಮೆ ಬಂದರೆ ಅದು ಲೋ ಶುಗರ್. ಬೆವರು, ನಡುಕ, ವಿಪರೀತ ಹಸಿವು, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು ಇದರ ಗುರುತು. ಮೀಟರ್ ಸಿಗದಿದ್ದರೆ ಕಾಯಬೇಡಿ, ಲೋ ಎಂದೇ ತಿಳಿದು ಮುಂದುವರಿಯಿರಿ.

ಒಂದು ಪೊಟ್ಟಣ ಗ್ಲೂಕೋಸ್, ಅಥವಾ ಮೂರು ಟೀ ಚಮಚ ತುಂಬ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಕೂತು ಮತ್ತೆ ಪರೀಕ್ಷಿಸಿ. ಇನ್ನೂ 70 ದಾಟದಿದ್ದರೆ ಇನ್ನೊಂದು ಪೊಟ್ಟಣ. ಏರಿದ ಮೇಲೆ, ಊಟ ದೂರವಿದ್ದರೆ ಮೂರ್ನಾಲ್ಕು ಬಿಸ್ಕತ್ತು. ಚಾಕೊಲೇಟ್, ಮೈಸೂರು ಪಾಕ್, ಲಾಡು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವುಗಳಲ್ಲಿನ ಕೊಬ್ಬು, ತುಪ್ಪ ಸಕ್ಕರೆ ರಕ್ತ ಸೇರುವುದನ್ನು ನಿಧಾನ ಮಾಡುತ್ತವೆ. ಭಯಕ್ಕೆ ಒಂದರ ಮೇಲೊಂದು ತಿಂದರೆ ಎರಡು ಗಂಟೆಯ ನಂತರ 300 ದಾಟಿ ನಿಂತಿರುತ್ತದೆ, ಆದ್ದರಿಂದ ಆ 15 ನಿಮಿಷ ತಡೆದುಕೊಳ್ಳುವುದು ಮುಖ್ಯ.

ಗೆಳೆಯರಿಗೆ ಮೊದಲೇ ಕಲಿಸಿಡಿ: ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಶ್ವಾಸನಾಳಕ್ಕೆ ಹೋದೀತು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ವೈದ್ಯರು ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದನ್ನು ಕೊಡಲು ಒಬ್ಬ ಶಿಕ್ಷಕರಾದರೂ ಕಲಿತಿರಬೇಕು.

ಊಟದ ಲೆಕ್ಕ

‘ರಾಗಿ ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು’ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂ ಪಿಷ್ಟ ಇರುತ್ತದೆ, ಇನ್ಸುಲಿನ್ ಲೆಕ್ಕಕ್ಕೆ ಅದೂ ಸೇರಲೇಬೇಕು. 30 ಗ್ರಾಂ ಹಿಟ್ಟಿನ ಒಂದು ಚಪಾತಿಗೆ ಸುಮಾರು 20 ಗ್ರಾಂ. ಒಂದು ವಾರ ಮನೆಯಲ್ಲಿ ಹಿಟ್ಟು, ಅಕ್ಕಿ ತೂಗಿ ಅಡುಗೆ ಮಾಡಿ ನೋಡಿದರೆ ಆಮೇಲೆ ಕಣ್ಣಳತೆಯೇ ಸಾಕಾಗುತ್ತದೆ. ವೈದ್ಯರು 10 ಗ್ರಾಂ ಪಿಷ್ಟಕ್ಕೆ 1 ಯೂನಿಟ್ ಎಂದು ಹೇಳಿದ್ದರೆ 60 ಗ್ರಾಂ ಪಿಷ್ಟವಿರುವ ಊಟಕ್ಕೆ 6 ಯೂನಿಟ್. ಈ ಅನುಪಾತ ಒಬ್ಬೊಬ್ಬರಿಗೆ ಒಂದೊಂದು, ಪಕ್ಕದವರದ್ದನ್ನು ಅನುಸರಿಸಬೇಡಿ.

ಹಳೆಯ ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ, ವೇಗವಾಗಿ ಕೆಲಸ ಮಾಡುವ ಹೊಸ ಬಗೆಯದು 10–15 ನಿಮಿಷ ಮುಂಚೆ. ಇಂಜೆಕ್ಷನ್ ಆದ ಮೇಲೆ ಪಾಠ ಮುಂದುವರಿದೋ, ಬಿಸಿಯೂಟದ ಸಾಲು ಉದ್ದವಾಗಿಯೋ ಊಟ ತಡವಾದರೆ ಶುಗರ್ ಕುಸಿಯುತ್ತದೆ. ತಡವಾಗುವ ಸಂಭವವಿದ್ದರೆ ತಟ್ಟೆ ಕೈಗೆ ಬಂದ ಮೇಲೆಯೇ ವೇಗದ ಇನ್ಸುಲಿನ್ ತೆಗೆದುಕೊಳ್ಳುವುದು ಕ್ಷೇಮ.

ಪ್ರತಿ ಸಲ ಹೊಸ ಸೂಜಿ ಹಾಕಿ, 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದನ್ನು ನೋಡಿ, ಚುಚ್ಚಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ. ನೋವಾಗುವುದಿಲ್ಲ ಎಂದು ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಅಲ್ಲಿ ಗಂಟು ಕಟ್ಟುತ್ತದೆ, ಇನ್ಸುಲಿನ್ನನ್ನು ಮೈ ಒಂದು ದಿನ ಹೀರುತ್ತದೆ, ಒಂದು ದಿನ ಹೀರುವುದಿಲ್ಲ. ಬೆರಳಿನಿಂದ ಸವರಿ ನೋಡಿದರೆ ಗಂಟು ಸಿಗುತ್ತದೆ.

ಆಟ ಮತ್ತು ಪರೀಕ್ಷೆ

ಆಟ ಬಿಡಬೇಕಾಗಿಲ್ಲ. ಕಬಡ್ಡಿ, ಖೋಖೋಗೆ ಇಳಿಯುವ ಮುಂಚೆ ಶುಗರ್ ನೋಡಿ. 90ಕ್ಕಿಂತ ಕೆಳಗಿದ್ದರೆ ಮೊದಲು ಒಂದು ಬಾಳೆಹಣ್ಣು. ಜೋರಾಗಿ ಆಡಿದ ದಿನ ಮಧ್ಯರಾತ್ರಿಯಲ್ಲೂ ಲೋ ಆಗಬಹುದು, ಮಲಗುವ ಮುನ್ನ ಇನ್ನೊಮ್ಮೆ ಪರೀಕ್ಷಿಸಿ.

ಸಿಬಿಎಸ್‌ಇ 2017ರಿಂದಲೇ ಬೋರ್ಡ್ ಪರೀಕ್ಷೆಯಲ್ಲಿ ಟೈಪ್ 1 ಮಧುಮೇಹದ ವಿದ್ಯಾರ್ಥಿಗಳಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ಸಣ್ಣ ನೀರಿನ ಬಾಟಲಿ ಒಯ್ಯಲು ಅವಕಾಶ ಕೊಟ್ಟಿದೆ. ಎಸ್‌ಎಸ್‌ಎಲ್‌ಸಿ, ಪಿಯುಸಿಯವರು ಪ್ರವೇಶಪತ್ರ ಬರುವವರೆಗೆ ಕಾಯದೆ ಶಾಲೆ ಅಥವಾ ಕಾಲೇಜಿನ ಮೂಲಕ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಲಿಖಿತವಾಗಿ ತಿಳಿಸಿ, ಒಪ್ಪಿಗೆಯ ಪ್ರತಿ ಜೊತೆಗಿಟ್ಟುಕೊಳ್ಳಿ.

ಶುಗರ್ ಏರಿದಾಗ, ಜ್ವರ ಬಂದಾಗ

ವಾಂತಿಯಾಗುತ್ತಿದೆ, ಊಟವಿಲ್ಲ, ಹಾಗಾಗಿ ಇನ್ಸುಲಿನ್ ಬೇಡ ಎಂದು ನಿಲ್ಲಿಸುವುದು ಬಹಳ ಮನೆಗಳಲ್ಲಿ ಆಗುವ ದೊಡ್ಡ ತಪ್ಪು. ಜ್ವರದಲ್ಲಿ ಇನ್ಸುಲಿನ್ ಹೆಚ್ಚೇ ಬೇಕಾಗಬಹುದು, ದಿನಪೂರ್ತಿ ಕೆಲಸ ಮಾಡುವ ಬೇಸಲ್ ಇನ್ಸುಲಿನ್ನನ್ನಂತೂ ಶಿವರಾತ್ರಿ ಉಪವಾಸದಲ್ಲೂ ಬಿಡುವಂತಿಲ್ಲ. ಶುಗರ್ 250 ದಾಟಿದ್ದು ಇಳಿಯದಿದ್ದರೆ ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಬರುವ ಆಮ್ಲ) ಇದೆಯೇ ಎಂದು ಕೀಟೋನ್ ಸ್ಟ್ರಿಪ್‌ನಲ್ಲಿ ನೋಡಿ. ಕೀಟೋನ್ ಜೊತೆ ಹೊಟ್ಟೆನೋವು, ವಾಂತಿ, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯವರಿಗೆ

ಹದಿಹರೆಯದ ಹಾರ್ಮೋನುಗಳು ಇನ್ಸುಲಿನ್‌ಗೆ ಅಡ್ಡ ಬರುತ್ತವೆ. ಮುಟ್ಟಿನ ಮುಂಚಿನ ದಿನಗಳಲ್ಲಿ, ಬೆಳಗಿನ ಜಾವದಲ್ಲಿ ಶುಗರ್ ತಾನಾಗಿ ಏರುವುದುಂಟು. ಏನೂ ತಪ್ಪು ಮಾಡದ ಮಗುವಿಗೆ ಪ್ರತಿ ಅಂಕಿಗೂ ಬೈಗುಳ ಸಿಕ್ಕರೆ ಅದು ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯಲು ಕಲಿಯುತ್ತದೆ. ಮನೆಗೆ ಬಂದ ತಕ್ಷಣ ‘ಶುಗರ್ ಎಷ್ಟು?’ ಎನ್ನುವ ಬದಲು ಮೊದಲು ‘ಊಟ ಆಯ್ತಾ, ಹೇಗಿತ್ತು ಸ್ಕೂಲು?’ ಎಂದು ಕೇಳಿ. ಹದಿನಾರಾಯಿತೆಂದು ಎಲ್ಲ ಜವಾಬ್ದಾರಿಯನ್ನೂ ಒಮ್ಮೆಲೇ ಹೊರಿಸಬೇಡಿ, ರಾತ್ರಿಯ ಇಂಜೆಕ್ಷನ್ ವೇಳೆಗಾದರೂ ಜೊತೆಗಿರಿ. ತೂಕ ಇಳಿಸಲು ಡೋಸ್ ತಪ್ಪಿಸುತ್ತಿದ್ದರೆ, ಸಾಕಾಗಿದೆ ಎನ್ನುತ್ತಿದ್ದರೆ ವೈದ್ಯರಿಗೆ ಹೇಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು.

ಪಿಯುಸಿಗೆ ಹಾಸ್ಟೆಲ್ ಸೇರುವವರು ಸೀಟು ಖಚಿತಪಡಿಸುವ ಮುಂಚೆಯೇ ವಾರ್ಡನ್ ಜೊತೆ ಮಾತಾಡಿ. ಇನ್ಸುಲಿನ್ ಇಡಲು ಫ್ರಿಜ್ ಎಲ್ಲಿದೆ, ರಾತ್ರಿ ಅದು ಬೀಗದ ಕೋಣೆಯೊಳಗೆ ಉಳಿಯುತ್ತದೆಯೇ, ಮೆಸ್ ತಡವಾದರೆ ಏನು ಎಂದು ಕೇಳಿ. ರೂಮ್‌ಮೇಟ್‌ಗೆ ಲೋ ಶುಗರಿನ ಗುರುತುಗಳನ್ನು ಮೊದಲ ರಾತ್ರಿಯೇ ಹೇಳಿಕೊಡಿ. ಬಳಸಿದ ಸೂಜಿಗಳನ್ನು ಗಟ್ಟಿ ಮುಚ್ಚಳದ ಖಾಲಿ ಫಿನಾಯಿಲ್ ಬಾಟಲಿಗೆ ಹಾಕಿ, ಮುಕ್ಕಾಲು ತುಂಬಿದ ಮೇಲೆ ಆಸ್ಪತ್ರೆಗೆ ಕೊಡಿ. ಹಾಸ್ಟೆಲಿನ ಕಸದ ಬುಟ್ಟಿಗೆ ಎಸೆದರೆ ಕಸ ತೆಗೆಯುವವರ ಕೈಗೆ ಚುಚ್ಚುತ್ತದೆ.